ಬೇಳೆ ಬೇಯದಿದ್ದರೆ, ಗೀಸರ್ ಗುಡುಗಿದರೆ: ಬೋರ್ ನೀರಿನ ದೋಷ ಹುಡುಕುವ ಬಗೆ

ಚಿತ್ರದುರ್ಗದಲ್ಲಿ ನಲ್ಲಿ, ಮೋಟಾರು, ಗೀಸರ್ ರಿಪೇರಿ ನನ್ನ ಕೆಲಸ. ದಿನಕ್ಕೆ ಎರಡು ಫೋನಾದರೂ ಒಂದೇ ಮಾತಿನಿಂದ ಶುರುವಾಗುತ್ತವೆ: “ಅಣ್ಣಾ, ನೀರು ಸರಿ ಇಲ್ಲ.” ಏನು ಸರಿ ಇಲ್ಲ ಅಂತ ಕೇಳಿದರೆ ಒಬ್ಬರು ನಲ್ಲಿ ಮೇಲಿನ ಬಿಳಿ ಕಲೆ ತೋರಿಸುತ್ತಾರೆ. ಇನ್ನೊಬ್ಬರು ಬೇಳೆ ಬೇಯಲ್ಲ ಅಂತಾರೆ. ಮತ್ತೊಬ್ಬರು ಮಗುವಿಗೆ ಭೇದಿ ಅಂತಾರೆ. ಮೂರೂ ಬೇರೆ ಬೇರೆ ರೋಗ. ಮೊದಲನೆಯದಕ್ಕೆ ಒಂದು ಪುಡಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಕೊನೆಯದಕ್ಕೆ ನಲ್ಲಿ ಬಂದ್ ಮಾಡಿ ಆಸ್ಪತ್ರೆಗೆ ಹೊರಡಬೇಕು. ಆದರೆ ಜನ ಬಿಳಿ ಕಲೆಗೆ ಹೆದರಿದಷ್ಟು ಉಳಿದದ್ದಕ್ಕೆ ಹೆದರುವುದಿಲ್ಲ.

ಅದಕ್ಕೇ ಮೊದಲು ಇಷ್ಟು ಹೇಳಿಬಿಡುತ್ತೇನೆ. ನೀರಿಗೆ ಚರಂಡಿ ವಾಸನೆ ಇದ್ದರೆ, ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ವಾಂತಿ-ಭೇದಿ ಶುರುವಾಗಿದ್ದರೆ, ಮಳೆ ಬಂದ ಮಾರನೇ ದಿನ ಬೋರ್ ನೀರು ಬಗ್ಗಡವಾಗಿದ್ದರೆ, ಇಲ್ಲಾ ನಲ್ಲಿ ಮುಟ್ಟಿದಾಗ ಕೈ ಜುಮ್ ಅಂದರೆ, ಪರೀಕ್ಷೆ-ಗಿರೀಕ್ಷೆ ಆಮೇಲೆ. ಮೊದಲ ಮೂರಕ್ಕೆ ಆ ನೀರು ಕುಡಿಯುವುದು ನಿಲ್ಲಿಸಿ. ನಾಲ್ಕನೆಯದಕ್ಕೆ ಮೇನ್ ಸ್ವಿಚ್ ಆಫ್ ಮಾಡಿ.

ಎಲ್ಲಕ್ಕೂ ಮೊದಲು ಮೂರು ಬಾಟಲಿ

ನಮ್ಮ ಕಡೆ ಒಂದೇ ನಲ್ಲಿಯಲ್ಲಿ ಎರಡು ಕಡೆಯ ನೀರು ಬರುತ್ತದೆ. ದುರ್ಗದಲ್ಲಿ ಶಾಂತಿಸಾಗರದ ನೀರೋ ವಾಣಿವಿಲಾಸ ಸಾಗರದ ನೀರೋ ಬಿಟ್ಟ ದಿನ ಸಂಪು ತುಂಬಿಸಿಕೊಳ್ಳುತ್ತೇವೆ. ಅದು ಮುಗಿದರೆ ಬೋರ್ ಹಾಕುತ್ತೇವೆ. ದಾವಣಗೆರೆಯಲ್ಲೂ ಇದೇ ಕಥೆ, ಹೊಳೆ ನೀರು ಒಂದು ಕಡೆ, ಮನೆ ಬೋರು ಇನ್ನೊಂದು ಕಡೆ. ಎರಡೂ ಒಂದೇ ಸಂಪಿನಲ್ಲಿ ಬೆರೆತರೆ ಸೋಮವಾರ ಚೆನ್ನಾಗಿದ್ದ ನೀರು ಗುರುವಾರ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ, ನೀರೇ ಬದಲಾಗಿರುತ್ತದೆ.

ಹಾಗಾಗಿ ತೊಳೆದ ಮೂರು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮೋಟಾರು ಹಾಕಿ ಐದು ನಿಮಿಷ ಬಿಟ್ಟು ಬೋರಿನ ಪೈಪಿನಿಂದಲೇ ನೀರು ಹಿಡಿಯಿರಿ. ಎರಡನೆಯದಕ್ಕೆ ಮೇಲಿನ ಟ್ಯಾಂಕಿನದು. ಮೂರನೆಯದಕ್ಕೆ ಬೆಳಿಗ್ಗೆ ಎದ್ದ ತಕ್ಷಣ ಅಡುಗೆಮನೆ ನಲ್ಲಿಯಲ್ಲಿ ಬರುವ ಮೊದಲ ನೀರು. ಗುರುತು ಹಾಕಿ ಒಂದು ರಾತ್ರಿ ಕಿಟಕಿಯಲ್ಲಿಡಿ. ಮೂರೂ ಒಂದೇ ಥರ ಇದ್ದರೆ ಸಮಸ್ಯೆ ನೆಲದೊಳಗಿನದು. ಮೂರನೆಯದು ಮಾತ್ರ ಕೆಂಪಗಿದ್ದರೆ ಮನೆಯ ಹಳೇ ಕಬ್ಬಿಣದ ಪೈಪು. ಎರಡು ಮತ್ತು ಮೂರು ಕೆಟ್ಟು ಒಂದು ಚೆನ್ನಾಗಿದ್ದರೆ ಟ್ಯಾಂಕು ತೊಳೆದು ಎಷ್ಟು ದಿನವಾಯಿತು ಅಂತ ನೆನಪು ಮಾಡಿಕೊಳ್ಳಿ. ಪೈಸೆ ಖರ್ಚಿಲ್ಲದ ಈ ಕೆಲಸ ಮಾಡದೆ ಗಡಸು ತೆಗೆಯುವ ಸಾಫ್ಟ್‌ನರ್ ಯಂತ್ರ ತಂದು ಕೂರಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸೋಪು ನೊರೆ ಬರುತ್ತಿಲ್ಲ, ಬೇಳೆ ಬೇಯುತ್ತಿಲ್ಲ

ಇದು ಗಡಸು ನೀರಿನ ಹಳೇ ಗುರುತು. ಕಲ್ಲಿನ ಸಂದಿಯಲ್ಲಿ ಇಳಿಯುವಾಗ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಸೋಪು ಅದರ ಜೊತೆ ಸೇರಿ ಮೊಸರು ಒಡೆದಂತೆ ಬೆಳ್ಳಗೆ ತೇಲುತ್ತದೆ. ಬೇಳೆಯ ಸಿಪ್ಪೆ-ತಿರುಳಿನಲ್ಲಿರುವ ಪೆಕ್ಟಿನ್ ಅನ್ನೋ ಅಂಟನ್ನು ಅದೇ ಕ್ಯಾಲ್ಸಿಯಂ ಗಟ್ಟಿ ಮಾಡುತ್ತದೆ. ಆರು ವಿಷಲ್ ಕೂಗಿಸಿದರೂ ತೊಗರಿ ಕಾಳು ಕಾಳಾಗೇ ಇರುವುದು ಅದಕ್ಕೇ.

ಖಾತ್ರಿ ಮಾಡಿಕೊಳ್ಳಲು ಒಂದು ಬಾಟಲಿಗೆ ಮಳೆ ನೀರು ಅಥವಾ ಆರ್‌ಒ ನೀರು, ಇನ್ನೊಂದಕ್ಕೆ ನಲ್ಲಿ ನೀರು ಅರ್ಧರ್ಧ ಹಾಕಿ. ಎರಡಕ್ಕೂ ಕಡಲೆ ಕಾಳಿನಷ್ಟು ಸ್ನಾನದ ಸೋಪು ತುರಿದು ಹಾಕಿ, ಹತ್ತು ಸಲ ಕುಲುಕಿ. ಡಿಟರ್ಜೆಂಟ್ ಬಿಲ್ಲೆ, ಶಾಂಪೂ ಬೇಡ. ಅವು ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತವೆ. ನಲ್ಲಿ ನೀರಿನಲ್ಲಿ ನೊರೆ ನಿಲ್ಲದೆ ಕೊಳೆ ತೇಲಿದರೆ ನೀರು ಗಡಸು.

ಈಗ ಅದೇ ನಲ್ಲಿ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಇನ್ನೊಂದು ಸಲ ಕುಲುಕಿ. ನೊರೆ ಚೆನ್ನಾಗಿ ಬಂತಾ? ಹಾಗಿದ್ದರೆ ಅದು ಕುದಿಸಿದರೆ ಹೋಗುವ ಗಡಸು. ಪಾತ್ರೆಯ ತಳದಲ್ಲಿ ಸುಣ್ಣದ ಪೊರೆ ಕೂತಿರುತ್ತದೆ, ನೋಡಿ. ನೊರೆ ಬರದಿದ್ದರೆ ಸಲ್ಫೇಟು, ಕ್ಲೋರೈಡು ಸೇರಿದ ಗಡಸು. ಒಲೆ ಎಷ್ಟು ಉರಿಸಿದರೂ ಅದು ಹೋಗಲ್ಲ.

ಕುದಿಸಿದರೆ ಹೋಗುವ ಜಾತಿಯಾದರೆ ಬೇಳೆಗೆ ಆರಿಸಿದ ತಿಳಿ ನೀರು ಬಳಸಿ. ರಾತ್ರಿಯೇ ಅದೇ ನೀರಲ್ಲಿ ನೆನೆಹಾಕಿದರೆ ಇನ್ನೂ ವಾಸಿ. ಹುಣಸೆ, ಟೊಮೇಟೊ ಬೇಳೆ ಬೆಂದ ಮೇಲೇ ಹಾಕಿ, ಹುಳಿ ಬಿದ್ದರೆ ಬೇಳೆ ಇನ್ನೂ ಹಟ ಮಾಡುತ್ತದೆ. ಅಡುಗೆ ಸೋಡಾ ಹಾಕಿದರೆ ಬೇಯುವುದು ನಿಜ, ಆದರೆ ಬಿ ಜೀವಸತ್ವ ಹಾಳಾಗುತ್ತದೆ. ದಿನಾ ಹಾಕುವ ಅಭ್ಯಾಸ ಬೇಡ.

ಗಡಸು ನೀರು ಕುಡಿದರೆ ಕಿಡ್ನಿ ಕಲ್ಲಾಗುತ್ತದಾ? ಎಲ್ಲರ ಪ್ರಶ್ನೆ ಇದೇ. ಬರೀ ಗಡಸಿನಿಂದ ಕಲ್ಲಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವುದು ದೊಡ್ಡ ಕಾರಣ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಅಂತಿದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಬಿಟ್ಟಿದ್ದಾರೆ.

ನಲ್ಲಿಯಲ್ಲಿ ನೀರು ಸಣ್ಣ, ಗೀಸರ್‌ನಲ್ಲಿ ಗುಡುಗುಡು

600 ಅಂದರೆ ಎಷ್ಟು ಅಂತ ಒಂದು ಲೆಕ್ಕ. ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿನಲ್ಲಿ 600 ಗ್ರಾಂ ಸುಣ್ಣದ ಲೆಕ್ಕದ ಖನಿಜ ಕರಗಿರುತ್ತದೆ. ಟ್ಯಾಂಕು ಖಾಲಿಯಾದ ಹಾಗೆಲ್ಲ ಅದರಲ್ಲಿ ಚೂರು ಚೂರು ಎಲ್ಲೋ ಕೂರುತ್ತದೆ. ನೀರು ಬಿಸಿಯಾದ ಕಡೆ ಜಾಸ್ತಿ ಕೂರುತ್ತದೆ.

ನೀರು ಒಂದೇ ನಲ್ಲಿಯಲ್ಲಿ ಸಣ್ಣಗಿದ್ದರೆ ಅದರ ಬಾಯಿಯ ಜಾಲರಿ ಬಿಚ್ಚಿ. ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಹಳೇ ಬ್ರಷ್‌ನಲ್ಲಿ ಉಜ್ಜಿ. ಶವರ್ ಬಿಚ್ಚಲು ಬರದಿದ್ದರೆ ಅದೇ ನೀರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಶವರಿನ ತಲೆಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಡಿ. ಬಾತ್‌ರೂಮ್ ಆಸಿಡ್ ಸುರಿಯಬೇಡಿ, ನಲ್ಲಿಯ ಹೊಳಪು ಎದ್ದು ಹೋಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಬಿದ್ದರಂತೂ ಏಳುವುದು ವಿಷದ ಗಾಳಿ. ಬಾಗಿಲು ಹಾಕಿಕೊಂಡು ಬಚ್ಚಲು ತೊಳೆಯುವವರು ಇದನ್ನು ಮರೆಯಬಾರದು.

ಎಲ್ಲಾ ನಲ್ಲಿಗಳಲ್ಲೂ ಸಣ್ಣಗಿದ್ದರೆ ಟ್ಯಾಂಕಿನ ವಾಲ್ವು ನೋಡಿ. ಬಿಸಿ ನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕಟ್ಟಿದೆ.

ಗೀಸರ್‌ನೊಳಗೆ ಕಲ್ಲು ಉರುಳಿದ ಸದ್ದು ಬಂದರೆ ಕಾಯಿಲ್ ಮೇಲೆ ಸುಣ್ಣದ ಗಟ್ಟು ಕಟ್ಟಿದೆ ಅಂತ ಅರ್ಥ. ಗಟ್ಟಿನ ಕೆಳಗೆ ಸಿಕ್ಕ ನೀರು ಆವಿಯಾಗಿ ಗುಡುಗುತ್ತದೆ. ತುರುವನೂರು ರಸ್ತೆಯ ಒಂದು ಮನೆಯಲ್ಲಿ ಐದು ವರ್ಷ ಬಿಚ್ಚದ ಗೀಸರ್ ಇಳಿಸಿದ್ದೆ. ತಟ್ಟೆ ಬಿಚ್ಚುತ್ತಿದ್ದಂತೆ ಮೊಟ್ಟೆ ಸಿಪ್ಪೆಯಂಥ ಚೂರುಗಳು ಬಳಬಳ ಸುರಿದವು, ಅರ್ಧ ಬಕೆಟ್. ಕಾಯಿಲ್ ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಆ ಮನೆ ಅಜ್ಜಿ ಒಂದು ಚೂರು ಎತ್ತಿಕೊಂಡು, “ಎಲೆ ಅಡಿಕೆಗೆ ಸುಣ್ಣ ತರೋದು ಉಳೀತು ಬಿಡಪ್ಪಾ” ಅಂದರು.

ನೀವೇ ಮಾಡಬಹುದಾದ್ದು ಇಷ್ಟು: ಉಷ್ಣಾಂಶದ ಗುಂಡಿಯನ್ನು 50-55 ಡಿಗ್ರಿಯಲ್ಲಿಡಿ. 60 ದಾಟಿದರೆ ಗಟ್ಟು ಬೇಗ ಕಟ್ಟುತ್ತದೆ. ಗಡಸು ಜಾಸ್ತಿ ಇದ್ದರೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಬಿಚ್ಚುವ ಕೆಲಸ ಮಾತ್ರ ಬಲ್ಲವರಿಗೇ ಬಿಡಿ. ಗೀಸರ್ ಹಾಕಿದಾಗ ಟ್ರಿಪ್ ಆಗುತ್ತಿದ್ದರೆ ಕಾಯಿಲ್ ಸೀಳಿ ನೀರಿಗೆ ಕರೆಂಟು ಹರಿಯುತ್ತಿರಬಹುದು. ಮತ್ತೆ ಮತ್ತೆ ಸ್ವಿಚ್ ಎತ್ತಿ ನೋಡುವುದು ಬೇಡ. ನಲ್ಲಿಯಲ್ಲಿ ನೀರಿನ ಜೊತೆ ಹಬೆ ಬಂದರೂ ಆಫ್ ಮಾಡಿ ಕರೆಸಿ. ಪ್ರೆಶರ್ ವಾಲ್ವು ಸುಣ್ಣ ಕಟ್ಟಿ ಮುಚ್ಚಿಕೊಂಡರೆ ಗೀಸರ್ ಬಾಂಬ್ ಇದ್ದಂತೆ.

ಹೊಸದಾಗಿ ಸೋಲಾರ್ ಹಾಕಿಸುವವರು ಗಡಸು ನೀರಿಗೆ ಗಾಜಿನ ಕೊಳವೆಯದನ್ನೇ ಹಾಕಿಸಿ. ತಾಮ್ರದ ಸಣ್ಣ ಪೈಪಿನವು ಬೇಗ ಕಟ್ಟುತ್ತವೆ. ಪೈಪಿಗೆ ಸುತ್ತುವ ಅಯಸ್ಕಾಂತ ಮಾರಲು ಬಂದರೆ, ಹಾಕಿದ ಮೇಲೆ ಸೋಪಿನ ಪರೀಕ್ಷೆ ಮಾಡಿ ತೋರಿಸಪ್ಪ ಅನ್ನಿ. ಅದು ನೀರಿನಲ್ಲಿರುವ ಗಡಸನ್ನು ಒಂದು ಮಿಲಿಗ್ರಾಂ ಕೂಡ ತೆಗೆಯಲ್ಲ.

ಬಣ್ಣ ಬದಲಾಗಿದೆ

ಹಾಲಿನ ಹಾಗೆ ಬೆಳ್ಳಗೆ ಬಂದು, ಲೋಟದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಬರೀ ಗಾಳಿ. ಮರೆತುಬಿಡಿ.

ಬಂದಾಗ ತಿಳಿಯಾಗಿದ್ದು ಒಂದೆರಡು ಗಂಟೆಗೆ ಕೆಂಪಗೆ ತಿರುಗಿದರೆ ಕಬ್ಬಿಣ. ನೆಲದೊಳಗೆ ಗಾಳಿ ತಾಗದೆ ಕರಗಿಕೊಂಡಿದ್ದದ್ದು ಹೊರಗೆ ಬಂದು ತುಕ್ಕಾಗುತ್ತದೆ. ಸೀಬೆ ಎಲೆ ಜಜ್ಜಿ ಆ ನೀರಿಗೆ ಹಾಕಿ ನೋಡಿ, ಕಬ್ಬಿಣ ಜಾಸ್ತಿ ಇದ್ದರೆ ನೇರಳೆ-ಕಪ್ಪು ಬಣ್ಣ ಬರುತ್ತದೆ. ಟೀ ಕಪ್ಪಾಗುವುದೂ, ಬಿಳಿ ಪಂಚೆ ಹಳದಿಯಾಗುವುದೂ ಇದರಿಂದಲೇ. ಅಗಲ ಬಾಯಿಯ ಹಂಡೆಗೆ ಎತ್ತರದಿಂದ ಸುರಿದು, ರಾತ್ರಿ ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದರೆ ಬಹಳಷ್ಟು ಹೋಗುತ್ತದೆ. ಫ್ಲಷ್ ಟ್ಯಾಂಕಿನೊಳಗೆ ಕೆಂಪು ಲೋಳೆ ಕಂಡರೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿದೆ. ಆಗ ಬೋರಿಗೇ ಕ್ಲೋರಿನ್ ಹಾಕಿಸಬೇಕು.

ಬೇಸಿಗೆಯಲ್ಲಿ ಬಾಟಲಿ ತಳದಲ್ಲಿ ಮರಳು ಕೂತರೆ ಬೋರಿನ ಮಟ್ಟ ಇಳಿದಿದೆ. ಸುಮ್ನೆ ಗಂಟೆಗಟ್ಟಲೆ ಓಡಿಸಿ ಮೋಟಾರು ಸುಟ್ಟುಕೊಳ್ಳಬೇಡಿ.

ಮಳೆಗಾಲದ ಬಗ್ಗಡ ಬೇರೆ ವಿಷಯ. ಆಳದ ಬೋರಿನ ನೀರು ಒಂದು ಮಳೆಗೆ ಕೆಡಬಾರದು. ಕೆಟ್ಟರೆ ಕೇಸಿಂಗ್ ಪೈಪು ಒಡೆದೋ, ಬೋರಿನ ಬಾಯಿ ಮುಚ್ಚದೆಯೋ ಮೇಲಿನ ಕೊಚ್ಚೆ ಒಳಗೆ ಇಳಿಯುತ್ತಿದೆ. ಪಕ್ಕದಲ್ಲಿ ತಿಪ್ಪೆ, ಶೌಚದ ಗುಂಡಿ ಇದ್ದರೆ ಕೇಳಲೇಬೇಡಿ. ಅಂಥ ಕಡೆ ನೈಟ್ರೇಟ್ ಕೂಡ ಪರೀಕ್ಷೆ ಮಾಡಿಸಿ, ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಅದಕ್ಕಿಂತ ಜಾಸ್ತಿ ಇರುವ ನೀರಲ್ಲಿ ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲೆಸಬಾರದು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ.

ವಾಸನೆ, ಹೊಟ್ಟೆ ಕೆಡುವುದು

ಬ್ಲೀಚಿಂಗ್ ವಾಸನೆಗೆ ಹೆದರಬೇಡಿ. ನೀರುಗಂಟಿ ಕ್ಲೋರಿನ್ ಹಾಕಿದ್ದಾನೆ ಅಂತ ಸಮಾಧಾನ ಪಡಿ. ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಕಡಿಮೆಯಾಗುತ್ತದೆ. ಕೊಳೆತ ಮೊಟ್ಟೆ ವಾಸನೆ ಬಿಸಿ ನೀರಿನಲ್ಲಿ ಮಾತ್ರ ಇದ್ದರೆ ಗೀಸರ್‌ನೊಳಗೆ ತುಕ್ಕು ತಡೆಯಲು ಇಟ್ಟ ಮೆಗ್ನೀಸಿಯಂ ಕಡ್ಡಿಯ ಕಾರಣ ಇರಬಹುದು. ತಣ್ಣೀರಿನಲ್ಲೂ ಇದ್ದರೆ ಬೋರಿನದೇ.

ಚರಂಡಿ ವಾಸನೆ ಮಾತ್ರ ಸಹಿಸಬೇಡಿ. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಪೈಪು ಖಾಲಿ ಇರುವಾಗ, ಪಕ್ಕದ ಚರಂಡಿಯ ನೀರು ಒಡೆದ ಜಾಗದಿಂದ ಒಳಗೆ ಸೇರುತ್ತದೆ. ಮೊದಲ ಐದು ನಿಮಿಷದ ನೀರು ಅದೇ. 2023ರ ಆಗಸ್ಟ್‌ನಲ್ಲಿ ನಮ್ಮೂರಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಅವತ್ತಿಂದ ಈ ವಾಸನೆಯ ಫೋನು ಬಂದರೆ ನಾನು ಪಾನಾ ಹುಡುಕುವುದಿಲ್ಲ. “ಅಕ್ಕಾ, ಮೊದಲು ನಲ್ಲಿ ನಿಲ್ಲಿಸಿ, ಪಕ್ಕದ ಮನೆಯವರಿಗೂ ಹೇಳಿ, ನಗರಸಭೆಗೆ ಇಲ್ಲಾ ಪಂಚಾಯ್ತಿಗೆ ಫೋನ್ ಮಾಡಿ” ಅನ್ನುತ್ತೇನೆ.

ಬೇರೆ ಕಡೆಯ ನೀರನ್ನೂ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಕುಡಿಯಿರಿ. ಭೇದಿ ಶುರುವಾದವರಿಗೆ ಓಆರ್‌ಎಸ್ ಕೊಡಿ. ಅಕ್ಕಿ ತೊಳೆದ ನೀರಿನಂತೆ ಭೇದಿ ಹೋಗುತ್ತಿದ್ದರೆ, ಮಗು ಮಂಕಾಗಿ ಉಚ್ಚೆ ಹೊಯ್ಯದಿದ್ದರೆ, ತಡ ಮಾಡದೆ ಆಸ್ಪತ್ರೆಗೆ.

ಪೈಪು ಸರಿಯಾದ ಮೇಲೆ ಸಂಪು, ಟ್ಯಾಂಕು ಖಾಲಿ ಮಾಡಿ ತೊಳೆಯಿರಿ. ಮತ್ತೆ ತುಂಬಿಸಿದ ತಿಳಿ ನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಕು. ಮಗ್ಗಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಸುರಿದು, ಒಂದು ಗಂಟೆ ಬಿಡಿ. ಬಹಳ ದಿನ ಮುಚ್ಚಿದ್ದ ಸಂಪಿಗೆ ಮಾತ್ರ ಹಾಗೇ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇಲ್ಲದೆ ಒಬ್ಬರು ಬಿದ್ದು, ಅವರನ್ನು ಎತ್ತಲು ಹೋದವರೂ ಸತ್ತದ್ದುಂಟು. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಲು ಬಿಡಿ, ಆಮೇಲೂ ಮೇಲೊಬ್ಬರು ಇಲ್ಲದೆ ಇಳಿಯಬೇಡಿ. ಅನುಮಾನ ಇದ್ದರೆ ಇಳಿಯದೇ ಮೇಲಿನಿಂದಲೇ ತೊಳೆಸಿ.

ಮೀಟರಿನ ನಂಬರು, ಆರ್‌ಒ ಇದ್ದೂ ಸವಳು

ಉಪ್ಪುಪ್ಪಾಗಿದ್ದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ, ಜಾಸ್ತಿ. ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗೆ ಒಳ್ಳೆಯದು, ಗತಿ ಇಲ್ಲದಿದ್ದರೆ 2000ದವರೆಗೆ. ಬೇಸಿಗೆಯಲ್ಲಿ ಏರುವುದು, ಮಳೆ ಹಿಡಿದ ಮೇಲೆ ಇಳಿಯುವುದು ಮಾಮೂಲು.

ಸಾಫ್ಟ್‌ನರ್ ಹಾಕಿಸಿದರೆ ಟಿಡಿಎಸ್ ಇಳಿಯಲಿಲ್ಲ ಅಂತ ಜಗಳಕ್ಕೆ ಬರುತ್ತಾರೆ. ಅದು ಇಳಿಸುವ ಯಂತ್ರವೇ ಅಲ್ಲ. ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ, ಅಷ್ಟೇ. ಗೀಸರಿಗೆ, ಬಟ್ಟೆಗೆ ಒಳ್ಳೆಯದು. ಬಿಪಿ ಇರುವವರು ಆ ನೀರು ಕುಡಿಯದಿರುವುದು ಲೇಸು. ನೊರೆ ಮತ್ತೆ ಕಡಿಮೆಯಾದರೆ ಮೊದಲು ಸಾಫ್ಟ್‌ನರಿನ ಉಪ್ಪಿನ ಡಬ್ಬಿ ನೋಡಿ, ನೂರಕ್ಕೆ ಎಂಬತ್ತು ಸಲ ಖಾಲಿಯಾಗಿರುತ್ತದೆ.

ಆರ್‌ಒ ಯಂತ್ರದಲ್ಲಿ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಟಿಡಿಎಸ್ ಮೀಟರಿನಲ್ಲಿ ಅಳೆಯಿರಿ. 1200 ಒಳಗೆ ಹೋಗಿ 100ರ ಸುತ್ತ ಬಂದರೆ ಸರಿ. 400 ಬಂದರೆ ಸಾಮಾನ್ಯವಾಗಿ ಎರಡು ಕಾರಣ. ನೀರು ಸೋಸುವ ಮೆಂಬ್ರೇನ್ ಹೋಗಿದೆ, ಇಲ್ಲಾ ಕೂರಿಸಿದವರು ‘ರುಚಿ ಬರಲಿ’ ಅಂತ ಟಿಡಿಎಸ್ ಸ್ಕ್ರೂ ತಿರುಗಿಸಿ ಹಸಿ ನೀರು ಬೆರೆಸಿದ್ದಾರೆ. ಬೇರೆ ಊರಿನಲ್ಲಿ ಆ ಸ್ಕ್ರೂ ಪರವಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ (ಅದರ ಕಥೆ ಮುಂದಿದೆ) ಪರೀಕ್ಷೆಯ ಚೀಟಿ ಕೈಯಲ್ಲಿ ಇಲ್ಲದೆ ಅದನ್ನು ತಿರುಗಿಸಲು ಬಿಡಬೇಡಿ. ದುಡ್ಡು ಕೊಟ್ಟು ತೆಗೆದದ್ದನ್ನು ಮತ್ತೆ ಲೋಟಕ್ಕೆ ಹಾಕಿಸಿಕೊಂಡಂತೆ.

ನೀರು ಚೆನ್ನಾಗಿದೆ, ಮಗುವಿನ ಹಲ್ಲು ಚೆನ್ನಾಗಿಲ್ಲ

ಜಗಳೂರು ಕಡೆ ನಮ್ಮ ಅಕ್ಕನ ಊರು. ಅವಳ ಮನೆ ಬೋರ್ ಬಗ್ಗೆ ಅವಳಿಗೆ ಬಹಳ ಹೆಮ್ಮೆ. “ನಿಮ್ ದುರ್ಗದ ನೀರೇನೋ, ನಮ್ದು ನೋಡು, ಎರಡು ವಿಷಲ್‌ಗೆ ಬೇಳೆ ಕರಗುತ್ತೆ.” ನಲ್ಲಿ ಮೇಲೆ ಕಲೆ ಇಲ್ಲ, ಸೋಪು ಜುಳುಜುಳು ನೊರೆ. ಟಿಡಿಎಸ್ ಮೀಟರು 600 ತೋರಿಸಿತು. ನಾನೂ ಒಳ್ಳೇ ನೀರು ಅಂದುಬಿಟ್ಟೆ. ಅವಳ ಮಗ ಎರಡನೇ ಕ್ಲಾಸಿನಲ್ಲಿ ಮುಂದಿನ ಹಲ್ಲು ಬಿದ್ದು ಹೊಸದು ಬಂದಾಗ, ಆ ಹಲ್ಲಿನ ಮೇಲೆ ಅಡ್ಡಡ್ಡ ಸೀಮೆಸುಣ್ಣದ ಗೆರೆ, ನಡುವೆ ಕಂದು ಪಟ್ಟಿ. ಉಜ್ಜಿದರೆ ಹೋಗಲಿಲ್ಲ. ಎಡಕ್ಕಿದ್ದಷ್ಟೇ ಬಲಕ್ಕೂ ಇತ್ತು.

ಅದು ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಟಿಡಿಎಸ್ ಮೀಟರಿಗೆ ಅದು ಗೊತ್ತಾಗಲ್ಲ. ಕುದಿಸಿದರೆ ಹೋಗಲ್ಲ. ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು: ಫ್ಲೋರೈಡ್ ಜಾಸ್ತಿ ಇರುವ ಎಷ್ಟೋ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರುತ್ತದೆ. ಅಂದರೆ ಬೇಳೆ ಬೇಗ ಬೇಯುವುದು, ನೊರೆ ಚೆನ್ನಾಗಿ ಬರುವುದು ಸರ್ಟಿಫಿಕೇಟ್ ಅಲ್ಲ. ಗ್ರಾನೈಟ್‌ನಂಥ ಬಂಡೆಯೊಳಗೆ ಬಹಳ ಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಷ್ಟೂ ಅಂಥ ಹಳೇ ನೀರು ಸಿಗುವ ಸಂಭವ ಜಾಸ್ತಿ.

ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ದೊಡ್ಡವರಲ್ಲಿ ಬೆನ್ನು-ಕುತ್ತಿಗೆ ಬಿಗಿದು, ಗದ್ದ ಎದೆಗೆ ತಾಗಿಸಲು, ಬಗ್ಗಿ ಕಾಲ್ಬೆರಳು ಮುಟ್ಟಲು ಕಷ್ಟವಾಗುತ್ತಿದ್ದರೆ ಡಾಕ್ಟರಿಗೆ ಬೋರ್ ನೀರಿನ ವಿಷಯವನ್ನೂ ಹೇಳಿ. ವಾಯು ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಹಲ್ಲಿನ ಕಲೆ ಒಮ್ಮೆ ಬಂದರೆ ತಾನಾಗಿ ಹೋಗಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ನೀರು ಬದಲಿಸಿದರೆ ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲು ಉಳಿಯುತ್ತದೆ.

ಪರೀಕ್ಷೆಗೆ ಹಳ್ಳಿಯಲ್ಲಾದರೆ ಮೊದಲು ಪಂಚಾಯ್ತಿಯಲ್ಲಿ ಕೇಳಿ. ಜಲಜೀವನ್ ಯೋಜನೆಯಲ್ಲಿ ಪರೀಕ್ಷೆ ಪೆಟ್ಟಿಗೆ ಕೊಟ್ಟು ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟಿದ್ದಾರೆ. ಬಣ್ಣ ನೋಡಿ ಅಂದಾಜು ಹೇಳುತ್ತಾರೆ. ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಒಯ್ಯಿರಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಆಗುವುದಿಲ್ಲ. ರೋಗಾಣು ಪರೀಕ್ಷೆಗೆ ಮಾತ್ರ ಲ್ಯಾಬಿನವರೇ ಕೊಡುವ ಬಾಟಲಿ ಬೇಕು, ಅವತ್ತೇ ತಂಪಾಗಿ ತಲುಪಿಸಬೇಕು. ಚೀಟಿಯಲ್ಲಿ ಗಡಸು, ಫ್ಲೋರೈಡ್, ನೈಟ್ರೇಟ್ ಮೂರೂ ಬರೆಸಿ. ಬರೀ ‘ನೀರು ಟೆಸ್ಟ್’ ಅಂದರೆ ಟಿಡಿಎಸ್ ನೋಡಿ ಕಳಿಸಿಬಿಡಬಹುದು.

ಅಕ್ಕನ ಬೋರಿನ ಫ್ಲೋರೈಡ್ 2ರ ಮೇಲಿತ್ತು. ಈಗ ಕುಡಿಯಲು ಮಾತ್ರ ಅಲ್ಲ, ಬೇಳೆಗೆ, ಅನ್ನಕ್ಕೆ, ಮುದ್ದೆಗೆ ಎಸರಿಡುವುದಕ್ಕೂ ಊರಿನ ಶುದ್ಧ ನೀರಿನ ಘಟಕದ ಕ್ಯಾನೇ. ಅಡುಗೆಯಲ್ಲಿ ಇಂಗಿದ ನೀರೂ ಹೊಟ್ಟೆಗೇ ಹೋಗುತ್ತದಲ್ವಾ. ಬೋರ್ ನೀರು ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ ಉಳಿಯಿತು. ಹುಡುಗ ಮರೆತು ಆ ನಲ್ಲಿಗೆ ಬಾಯಿ ಇಡದಿರಲಿ ಅಂತ ಅಕ್ಕ ಟ್ರ್ಯಾಕ್ಟರಿಗೆ ಹೊಡೆದು ಮಿಕ್ಕಿದ್ದ ಕೆಂಪು ಬಣ್ಣ ತಂದು ಅದಕ್ಕೆ ಬಳಿದಿದ್ದಾಳೆ.